ಮದ್ದು ತುಂಬುವಾಗ ಬಂದ ಅತಿಥಿಗಳು

ಈ ಅರಬಿ ನಾಡಿನಲ್ಲಿ, ವಾದಿ ಕಬೀರ್‌ನ ನಮ್ಮ ವಾಹನ ಬಿಡಿಭಾಗದ ಅಂಗಡಿಗೆ ಅರ್ಬಾಬ್ ಬಂದರೆ ನನ್ನಲ್ಲಿ ಮೊದಲು ಏಳುವ ಪ್ರಶ್ನೆ, ಯಾಕೆ ಬಂದರು ಎಂಬುದು. ಅರ್ಬಾಬ್ ಎಂದರೆ ಅಂಗಡಿಯ ಧಣಿ, ನನ್ನ ವೀಸಾಕ್ಕೆ ಸಹಿ ಹಾಕುವ ಕಫೀಲ್. ಎಪ್ಪತ್ತು ದಾಟಿದ, ಸೈನ್ಯದಿಂದ ನಿವೃತ್ತರಾದ ಮನುಷ್ಯ. ಇದ್ದರೆ ಸೀಬ್‌ನ ಮನೆಯಲ್ಲಿ, ಇಲ್ಲದಿದ್ದರೆ ಮಸೀದಿಯಲ್ಲಿ. ಅಂಥವರು ಒಂದು ಗುರುವಾರ ಬಂದು, ಕೌಂಟರಿನ ಮೇಲೆ ಬಂದೂಕಿನ ಖಾಲಿ ಹಿತ್ತಾಳೆಯ ತೋಟೆಯೊಂದನ್ನು ಇಟ್ಟು, ಇದೇನೆಂದು ಗೊತ್ತೇ ಎಂದು ಅರಬಿ ಬೆರೆತ ಹಿಂದಿಯಲ್ಲಿ ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತಿತ್ತು. ಪರದೇಶದಲ್ಲಿ ಇಂಥ ಪ್ರಶ್ನೆಗೆ ಗೊತ್ತು ಎನ್ನುವವನು ಮೂರ್ಖ.

ನಾಳೆ ನಮಾಜಿನ ಮೇಲೆ ಮನೆಗೆ ಬಾ, ಸಣ್ಣ ಕೆಲಸವಿದೆ, ನನ್ನ ಮಕ್ಕಳಿಗೆ ಹೇಳಬೇಡ ಎಂದು ಹೇಳಿ ಹೋದರು. ನನ್ನ ವೀಸಾ ಮುಂದಿನ ತಿಂಗಳು ಮುಗಿಯುವುದಿತ್ತು. ಕೆಲಸದಿಂದ ತೆಗೆಯಲು ನೆಪ ಹುಡುಕುತ್ತಿದ್ದಾರೆ ಎಂದುಕೊಂಡೆ. ನನ್ನ ಕೈಗೆ ಮದ್ದುಗುಂಡು ಹಿಡಿಸಿ, ಆಮೇಲೆ ಪೊಲೀಸರನ್ನು ಕರೆದರೆ? ಕುಂಬಳಕಾಯಿ ಕದಿಯದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಟೀಚರ್ ಆಗಿರುವ ನನ್ನ ಹೆಂಡತಿಗೆ ಇದೆಲ್ಲ ನಗೆ. "ನಿಮ್ಮದೊಂದು ಮಾರಾಯ್ರೆ, ದೇವರೇ ಬಂದು ಎದುರು ನಿಂತ್ರೂ ಐಡಿ ಕಾರ್ಡ್ ಕೇಳುವ ಜನ ನೀವು" ಎಂದಳು. ಹೋಗದಿದ್ದರೆ ಧಣಿಗೆ ಸಿಟ್ಟು, ಹೋದರೆ ಜೈಲು. ಕೊನೆಗೆ ಹೋಗುವುದು, ಆದರೆ ಏನನ್ನೂ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ. ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ, ಅವರ ನಮಾಜು ಬಿಟ್ಟ ಮೇಲೆ, ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನೊಳಗೆ ತೂರಿಸಿಕೊಂಡೇ ಅವರ ಮಜ್ಲಿಸ್‌ಗೆ ಕಾಲಿಟ್ಟೆ.

ಅತಿಥಿಗಳನ್ನು ಕೂರಿಸುವ ಆ ಉದ್ದನೆಯ ಕೋಣೆಯ ಗೋಡೆಯಲ್ಲಿ ಅವರ ತಂದೆಯ ಬಂದೂಕು ತೂಗುತ್ತಿತ್ತು. ಎಂದೋ ಬ್ರಿಟಿಷ್ ಸೇನೆ ಬಳಸಿ ಬಿಟ್ಟದ್ದು, ಮರ ಸವೆದು ಕಪ್ಪಾಗಿತ್ತು. ಮೊಮ್ಮಗಳ ಮದುವೆಯಲ್ಲಿ ಅದನ್ನು ಆಕಾಶಕ್ಕೆ ಹಾರಿಸಬೇಕು. ಅದಕ್ಕೆ ಹೊಂದುವ ತೋಟೆ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹಾರಿಸಿದ ಖಾಲಿ ತೋಟೆಗಳನ್ನೇ ಹೆಕ್ಕಿ ತಂದು ಮತ್ತೆ ಮದ್ದು ತುಂಬುತ್ತಾರಂತೆ. ಗುಂಡಿಲ್ಲ, ಬರೀ ಸದ್ದು. ಬಂದೂಕಿನ ಪರವಾನಗಿ ತೋರಿಸಿದರು. ಮುದ್ರೆ ಅಸಲಿಯೇ ಎಂದು ಕಣ್ಣಲ್ಲೇ ಪರೀಕ್ಷಿಸಿದೆ. ನನ್ನ ಕೆಲಸವೇನೆಂದು ಕೇಳಿದರೆ, ಕೂತು ನೋಡು ಎಂದರು, ಅಷ್ಟೇ. ಸುಮ್ಮನೆ ನೋಡಲು ಸೀಬ್‌ವರೆಗೆ ಯಾರು ಕರೆಸುತ್ತಾರೆ? ನನ್ನ ಗುಮಾನಿ ಇಮ್ಮಡಿಯಾಯಿತು.

ಕಪ್ಪು ಮದ್ದಿನ ಡಬ್ಬಿ ತೆರೆದಾಗ ಬಂದ ವಾಸನೆ ನನ್ನನ್ನು ನೇರ ಊರಿಗೆ ಎಳೆದೊಯ್ದಿತು. ನನ್ನ ಅಪ್ಪ ಇಗರ್ಜಿಯ ಹಬ್ಬಕ್ಕೆ ಗರ್ನಾಲು ತುಂಬುತ್ತಿದ್ದವರು. ಕಬ್ಬಿಣದ ಗಿಡ್ಡ ಕೊಳವೆಗೆ ಮದ್ದು ಜಡಿದು ಊರಿಗೆಲ್ಲ ಕೇಳುವಂತೆ ಸಿಡಿಸುವುದದು. ಒಂದು ಹಬ್ಬದಲ್ಲಿ ಅರ್ಧ ತುಂಬಿರುವಾಗ ಪಾದ್ರಿಗಳು ಬಂದರು. ಅಪ್ಪ ಎದ್ದು ಕೈಮುಗಿದು, ಬೆಸಾಂವ್ ಬೇಡಿ, ಆಶೀರ್ವಾದ ಪಡೆದು, ಮತ್ತೆ ಕುಳಿತು ಅದೇ ಗರ್ನಾಲಿಗೆ ಇನ್ನೊಮ್ಮೆ ಮದ್ದು ಸುರಿದರು. ಆಮೇಲೆ ಅವರ ಬಲಗೈಯಲ್ಲಿ ಉಳಿದದ್ದು ಮೂರು ಬೆರಳು. ಅನ್ನ ಕಲಸುವಾಗ ಆ ಕೈ ನೋಡುತ್ತ ಬೆಳೆದವನು ನಾನು. ನನಗೆ ಯಾರ ಮೇಲೂ ನಂಬಿಕೆ ಹುಟ್ಟದಿರಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಅರ್ಬಾಬ್ ನಿಧಾನವಾಗಿ ಒಂದೊಂದೇ ತೋಟೆಗೆ ಮದ್ದು ಅಳೆದು ಹಾಕಿ, ಬಾಯಿ ಮುಚ್ಚಿ, ಪಕ್ಕಕ್ಕೆ ಇಡುತ್ತಿದ್ದರು. ಮುಚ್ಚಿದ ಮೇಲೆ ಎಲ್ಲವೂ ಒಂದೇ ಥರ. ನಾನು ಕಣ್ಣೆವೆ ಮಿಟುಕಿಸದೆ ಅವರ ಕೈ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ಒಂದನ್ನು ನನ್ನ ಹೆಗಲಿನ ಚೀಲಕ್ಕೆ ಜಾರಿಸುತ್ತಾರೋ ಎಂದು ಕಾಯುತ್ತಿದ್ದೆ.

ಅಷ್ಟರಲ್ಲಿ ನೆರೆಮನೆಯ ಇಬ್ಬರು ಹಿರಿಯರು ಬಂದರು. ಇಲ್ಲಿ ಅತಿಥಿ ಬಂದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಡಬೇಕು. ಏಳಬೇಕು, ಕೈ ಕುಲುಕಬೇಕು, ಕ್ಷೇಮ ಕೇಳಬೇಕು, ಸುದ್ದಿ ಕೇಳಬೇಕು, ಸುದ್ದಿಯೇನೂ ಇಲ್ಲ ಎಂದ ಮೇಲೂ ಇನ್ನೊಮ್ಮೆ ಕೇಳಬೇಕು. ಖರ್ಜೂರ ಬಂತು, ಕಹ್ವಾ ಎಂಬ ಕಾಫಿ ಬಂತು. ಪುಟ್ಟ ಬಟ್ಟಲು ಅಲ್ಲಾಡಿಸಿ ಸಾಕು ಎನ್ನುವವರೆಗೂ ಅರ್ಬಾಬ್ ನಿಂತೇ ಉಪಚಾರ ಮಾಡಿದರು. ಆಮೇಲೆ ಅವರೊಡನೆ ಮಾತಾಡುತ್ತಲೇ ಕುಳಿತು, ಬಿಟ್ಟುಹೋಗಿದ್ದ ತೋಟೆಯನ್ನು ಎತ್ತಿಕೊಂಡರು. ಅದಕ್ಕೆ ಮದ್ದು ಆಗಲೇ ಬಿದ್ದಿತ್ತು. ಇನ್ನೊಮ್ಮೆ ಸುರಿದರು.

ಬಾಯಿ ಮುಚ್ಚಿ ಉಳಿದವುಗಳ ಜೊತೆ ಇಟ್ಟರೆ ಅದನ್ನು ಮತ್ತೆ ಗುರುತಿಸಲಾಗದು. ಅತಿಥಿಗಳ ಎದುರು ಧಣಿಗೆ ತಪ್ಪಿದಿರಿ ಎನ್ನುವುದೆಂದರೆ ಅವರ ಮುಖಕ್ಕೆ ಮಸಿ ಬಳಿದಂತೆ. ನನ್ನ ವೀಸಾ ಇರುವುದು ಅದೇ ಕೈಯಲ್ಲಿ. ಇಷ್ಟೆಲ್ಲ ಲೆಕ್ಕ ಹಾಕಿದವನು ಹೇಗೆ ಎದ್ದೆನೋ ತಿಳಿಯದು, ನೋಡಿದರೆ ನನ್ನ ಎರಡೂ ಕೈ ಜೇಬಿನಿಂದ ಹೊರಬಂದು ಅವರ ಮಣಿಕಟ್ಟನ್ನು ಹಿಡಿದಿದ್ದವು.

"ಖಲಾಸ್, ಅರ್ಬಾಬ್. ಇದಕ್ಕೆ ಎರಡು ಸಲ ಬಿತ್ತು."

ನೆರೆಯವರು ಬಟ್ಟಲುಗಳನ್ನೇ ನೋಡತೊಡಗಿದರು. ಅರ್ಬಾಬ್ ನನ್ನ ಕೈ ಬಿಡಿಸಿಕೊಂಡು, ತೋಟೆಯನ್ನು ಕಾಗದದ ಮೇಲೆ ಬೋರಲು ಹಾಕಿದರು. ರಾಶಿ ದೊಡ್ಡದಿತ್ತು. ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿ ಮಂಗಳೂರು ವಿಮಾನ ಹತ್ತಿಯಾಗಿತ್ತು.

ಅತಿಥಿಗಳು ಹೋದ ಮೇಲೆ ಅವರು ಬಾಯಿಬಿಟ್ಟರು. ಕಳೆದ ಮದುವೆಯಲ್ಲಿ ಒಂದು ತೋಟೆ ಹೆಗಲಿಗೆ ವಿಪರೀತ ಒದ್ದಿತ್ತಂತೆ. ಅಂದಿನಿಂದ ಅವರಿಗೆ ತಮ್ಮ ಮೇಲೇ ಗುಮಾನಿ. ಮಕ್ಕಳಿಗೆ ಹೇಳಿದರೆ ಬಂದೂಕು ಬೀಗದೊಳಗೆ ಹೋಗುತ್ತದೆ.

ನಾನೇ ಯಾಕೆ ಎಂದು ಕೇಳಿದೆ.

"ನೀನು ಅಂಗಡಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡ್ತೀಯ. ಕಾರಿನಲ್ಲಿ ಕೂತು ನೋಡಿದ್ದೇನೆ" ಎಂದರು. "ನನ್ನ ಮಕ್ಕಳು ನನ್ನನ್ನು ನಂಬುತ್ತಾರೆ. ನಂಬುವವರು ನೋಡುವುದಿಲ್ಲ."

ಕಾರಿನಲ್ಲಿ ಕೂತು ನನ್ನನ್ನು ನೋಡುತ್ತಿದ್ದರಂತೆ! ನನ್ನ ಸಂಶಯ ಪೂರ್ತಿ ಸುಳ್ಳಾಗಿರಲಿಲ್ಲ ಎಂದು ಹೆಂಡತಿಗೆ ಹೇಳಲು ಅಷ್ಟು ಸಾಕಿತ್ತು. ಅವಳು ಸೋಲಲಿಲ್ಲ. ಈಡಿಗೆ ಸರಿಯಾದ ಜೋಡು ಎಂದಳು.

ಅಂದು ತುಂಬಿದ್ದನ್ನೆಲ್ಲ ಬಿಚ್ಚಿಸಿದೆ. ಮುಂದಿನ ಶುಕ್ರವಾರಗಳಲ್ಲಿ ಅವರು ಹೊಸದಾಗಿ ತುಂಬಿದರು, ನಾನು ನೋಡಿದೆ. ಬಾಗಿಲಲ್ಲಿ ಸಲಾಂ ಕೇಳಿದೊಡನೆ ಅವರು ಏಳುವರು, ನಾನು ಅರ್ಧಕ್ಕೆ ನಿಂತ ತೋಟೆಯ ಬಾಯಿಗೆ ಅಂಗೈ ಮುಚ್ಚಿ ಕೂರುವೆ. ಮರಳಿ ಬಂದಾಗ, ಆಗಿದೆಯೋ ಇಲ್ಲವೋ ನಾನು ಹೇಳಿದ ಮೇಲೆಯೇ ಮುಂದಿನದು. ಒಂದೊಂದರ ಮೇಲೂ ನನ್ನ ಬೆರಳಚ್ಚು ಇತ್ತು. ವೀಸಾ ನವೀಕರಣ ತಕರಾರಿಲ್ಲದೆ ಆಯಿತು. ಇಷ್ಟು ಸುಲಭವಾಗಿ ಹೇಗಾಯಿತು ಎಂದು ಎರಡು ದಿನ ಯೋಚಿಸಿದೆ.

ಮದುವೆಯ ಸಂಜೆ ಬಯಲಿನಲ್ಲಿ ಗಂಡಸರು ಖಡ್ಗ ಹಿಡಿದು ಕುಣಿಯುತ್ತಿದ್ದರು, ಡೋಲು ಬಡಿಯುತ್ತಿತ್ತು. ನಾನು ಪಾರ್ಕಿಂಗಿನ ಹತ್ತಿರ, ಓಡಲು ಅನುಕೂಲವಾದ ಕಡೆ ನಿಂತಿದ್ದೆ. ಅರ್ಬಾಬ್ ಮುಂದೆ ಬಂದು ಬಂದೂಕು ಮೇಲೆತ್ತಿದರು. ಸದ್ದಿಗೆ ನೆಲ ಅದುರಿತು. ಕಪ್ಪು ಮದ್ದಿನ ಹೊಗೆ ಅವರನ್ನು ಪೂರ್ತಿ ನುಂಗಿತು. ಅಪ್ಪನ ಹಬ್ಬದ ದಿನವೂ ಇಂಥದ್ದೇ ಹೊಗೆ ಎದ್ದಿತ್ತು.

ಹೊಗೆ ತೆಳುವಾಗುತ್ತಿದ್ದಂತೆ ಅವರು ಗುಂಪಿನಲ್ಲಿ ನನ್ನನ್ನು ಹುಡುಕಿ, ಬಲಗೈ ಎತ್ತಿ, ಅಂಗೈ ಅಗಲವಾಗಿ ಬಿಡಿಸಿ ತೋರಿಸಿದರು. ಉಳಿದವರು ಆಶೀರ್ವಾದವೆಂದುಕೊಂಡಿರಬೇಕು.

ನಾನು ಬೆರಳು ಎಣಿಸಿದೆ. ಐದು. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದೆ. ನಾನು ಎಣಿಸಿ ಮುಗಿಸುವವರೆಗೂ ಅವರು ಕೈ ಇಳಿಸಲಿಲ್ಲ.