ಲೋಗೋ ಇದೆ, ಲಾಗಿನ್ ಇಲ್ಲ

ಸ್ನೇಹಿತರೇ, ಇವತ್ತು ಟಿ. ನರಸೀಪುರದಲ್ಲಿ ನನ್ನ ಮಾನ ಹೋಯಿತು. ಆದರೂ ಖುಷಿಯಾಗಿದ್ದೇನೆ.

ವೆಬ್‌ಸೈಟ್ ನಡೆಸಲು ನಾನೇ ಹೊಸದೊಂದು ಓಪನ್ ಸೋರ್ಸ್ ತಂತ್ರಾಂಶ ಬರೆಯುತ್ತಿದ್ದೆನಲ್ಲ, ನಮ್ಮ ನಂಜನಗೂಡಿನ ಹೊಳೆಯ ಹೆಸರಿಟ್ಟು, ‘ಕಪಿಲಾ’ ಅಂತ? ಅದನ್ನು ಇಲ್ಲಿನ ಗೆಳೆಯ ಮಾದೇವನಿಗೆ ತೋರಿಸಿ, ನೀನೂ ಸೇರಿಕೋ ಎಂದೆ.

‘ಲೋಗೋ ಏನೋ ಚೆನ್ನಾಗದೆ ಕಣ್ಲಾ. ಲಾಗಿನ್ ಎಲ್ಲಿ?’

‘ಇನ್ನೂ ಬರೀಬೇಕು.’

‘ಇರೋದ್ನ ಬಿಟ್ಟು ಇದ್ಯಾಕ್ಲಾ ಶುರು ಮಾಡ್ದೆ?’

‘ಅದ್ರಲ್ಲಿ ಕನ್ನಡದಲ್ಲಿ ಹುಡುಕಿದ್ರೆ ಏನೂ ಸಿಗಲ್ಲ ಕಣೋ.’

‘ಅಷ್ಟೇ ತಾನೆ? ಅದ್ನೇ ಸರಿ ಮಾಡ್ಕೊಟ್ರಾಯ್ತು.’

ಎಲ್ಲರೂ ಬಳಸುವ ಆ ಹಳೆಯ ತಂತ್ರಾಂಶವೂ ಓಪನ್ ಸೋರ್ಸೇ, ಯಾರು ಬೇಕಾದರೂ ತಿದ್ದಿ ಕಳಿಸಬಹುದು; ಅದನ್ನೇ ತೆರೆದು ಕೂತೆವು. ಸಂಜೆಯೊಳಗೆ ತಿದ್ದಿ ಕಳಿಸಿದೆವು. ಅದನ್ನು ನೋಡಿಕೊಳ್ಳುವ, ಮುಖ ಪರಿಚಯವಿಲ್ಲದ ಯಾರೋ ಒಪ್ಪಿಕೊಂಡು, ‘ಇದಕ್ಕೇ ಕಾಯುತ್ತಿದ್ದೆವು’ ಎಂದು ಬರೆದರು. ಆದರೂ ನನಗೆ ಒಳಗೊಳಗೇ ಸಂಕಟ.

‘ನನ್ನ ಕಪಿಲಾ ಹೆಸ್ರೇ ಹೋಯ್ತಲ್ಲೋ!’

ಮಾದೇವ ನಕ್ಕ. ‘ನಿಮ್ಮ ಕಪಿಲೆ ನಮ್ಮೂರ್ಗೆ ಬಂದು ಕಾವೇರಿ ಸೇರ್ಕೋತಾಳೆ. ಇಲ್ಲಿಂದಾಚ್ಗೆ ಹೆಸ್ರು ಕಾವೇರಿದೇ. ನೀರೇನ್ ನಿಂತೋಯ್ತಾ?’

ಥ್ಯಾಂಕ್ಸ್ ಕಣೋ ಮಾದೇವ, ನನ್ನ ಎಷ್ಟೋ ರಾತ್ರಿಗಳ ನಿದ್ದೆ ಉಳಿಸಿಕೊಟ್ಟೆ.

ಸ್ನೇಹಿತರೇ, ಚೆಂದದ ಲೋಗೋ ಒಂದು ಸುಮ್ಮನೆ ಬಿದ್ದಿದೆ. ಬೇಕಾದವರು ಹೇಳಿ.