ಹದಿನಾಲ್ಕನೆಯ ಮನೆಯ ಪ್ರಶ್ನಾವಳಿ

ಸಮಾಜಶಾಸ್ತ್ರ ನಾನು ಬಯಸಿ ತೆಗೆದುಕೊಂಡ ವಿಷಯವಲ್ಲ. ಅರಸೀಕೆರೆಯಲ್ಲಿ ಬಿ.ಎ.ಗೆ ಸೇರಿದಾಗ ಇತಿಹಾಸ ನನ್ನ ಮೇಜರ್ ಆಯಿತು. ಮೈನರ್‌ಗೆ ಕೇಳಿದ್ದ ಅರ್ಥಶಾಸ್ತ್ರದ ಸೀಟು ತುಂಬಿಹೋಗಿ, ಉಳಿದದ್ದು ಇದು. ಇತಿಹಾಸದವರು ನಮ್ಮನ್ನು ಹಳೇಬೀಡಿಗೆ ಕರೆದೊಯ್ದು ಶಿಲ್ಪಗಳ ಟಿಪ್ಪಣಿ ಬರೆಸಿದರು. ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕರು ಆರು ಪುಟದ ಪ್ರಶ್ನಾವಳಿ ಕೊಟ್ಟು, ‘ನಿಮ್ಮೂರಲ್ಲೇ ಇಪ್ಪತ್ತು ಮನೆ ಮಾಡಿ. ಎಲ್ಲ ಬೀದಿಗೂ ಹೋಗಬೇಕು. ಯಾರನ್ನೇ ಆಗಲಿ ಬಹುವಚನದಲ್ಲೇ ಮಾತಾಡಿಸಿ’ ಎಂದರು.

ನಮ್ಮೂರು ಗಂಡಸಿ ಹತ್ತಿರ. ತೆಂಗಿನ ತೋಟ, ರಾಗಿ ಹೊಲ ಇದ್ದ ಮನೆ ನಮ್ಮದು. ನಮ್ಮ ಬೀದಿಯ ಹದಿಮೂರು ಮನೆಗಳು ಎರಡು ದಿನದಲ್ಲಿ ಮುಗಿದವು. ಎಲ್ಲ ಕಡೆ ಕಾಫಿ ಕೊಟ್ಟರು. ಊರಿನಲ್ಲಿ ಭೇದಭಾವ ಇದೆಯೇ ಎಂಬ ಪ್ರಶ್ನೆಗೆ ‘ಅದೆಲ್ಲ ಈಗ ಎಲ್ಲೈತೆ’ ಎಂದರು. ನಾನು ‘ಇಲ್ಲ’ ಎಂದು ಟಿಕ್ ಹಾಕಿಕೊಂಡು ಬಂದೆ. ನನಗೂ ಹಾಗೇ ಅನಿಸಿತ್ತು.

ಮೂರನೆಯ ದಿನ ಕೇರಿಗೆ ಹೋದೆ. ಹುಟ್ಟಿದಾಗಿನಿಂದ ಅದೇ ಊರಿನಲ್ಲಿದ್ದರೂ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಮೊದಲ ಮನೆ ನಮ್ಮ ಕೊಟ್ಟಿಗೆಯ ಸಗಣಿ ಬಾಚಲು ಬರುತ್ತಿದ್ದ ಮುದುಕಿಯದು. ಮಾತು ಬಂದಾಗಿನಿಂದ ಆಕೆಯನ್ನು ‘ಬಾ’, ‘ಹೋಗು’ ಎಂದೇ ಮಾತಾಡಿಸಿದವಳು ನಾನು. ಅವತ್ತು ‘ನೀವೂ ಕೂತ್ಕೊಳ್ಳಿ’ ಎಂದೆ. ಬೇರೆ ಯಾರಿಗೋ ಹೇಳಿದೆನೆಂದು ಆಕೆ ಹಿಂದಕ್ಕೆ ತಿರುಗಿ ನೋಡಿದಳು.

ಮನೆಯಲ್ಲಿ ಎಷ್ಟು ಜನ? ಒಬ್ಬಳೇ. ಸಾವು ಏನಾದರೂ ಆಗಿದೆಯೇ?

‘ಮಗ. ನಿಮ್ ತೋಟದ ಬಾವಿಲಿ.’

ಆ ಸಾವು ನನಗೆ ಗೊತ್ತಿತ್ತು. ನಾನು ಏಳನೆಯ ತರಗತಿಯಲ್ಲಿದ್ದಾಗ ಆದದ್ದು. ಕುಡಿದು ಬಾವಿಗೆ ಬಿದ್ದ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು.

‘ಕುಡಿದಿದ್ದ ಅಲ್ವಾ?’ ಎಂದುಬಿಟ್ಟೆ.

‘ಅವನು ಕುಡೀತಿರ್ಲಿಲ್ಲ ಕಣವ್ವ.’ ದನಿ ಏರಲಿಲ್ಲ. ‘ಹೂಳು ಎತ್ತಕ್ಕೆ ಇಳ್ಸಿದ್ರು. ಮೊದ್ಲು ಇಳ್ದೋನು ಉಸ್ರು ಕಟ್ತದೆ ಅಂತ ಮ್ಯಾಕೆ ಬಂದ್ಬುಟ್ಟ. ನನ್ ಮಗನೂ ಆಗಕ್ಕಿಲ್ಲ ಅಂದ. ನಾಳೆ ಮೋಟ್ರು ಇಡೋರು ಬತ್ತಾರೆ, ಇವತ್ತೇ ಆಗ್ಬೇಕು ಅಂದ್ರು ನಿಮ್ಮಪ್ಪಾರು. ಇಳ್ದ. ಎರಡು ಸಲ ಅವ್ವಾ ಅಂದ್ನಂತೆ.’ ನನ್ನ ಪೆನ್ನಿನ ಕಡೆ ನೋಡಿ, ‘ಬರ್ಕಂಡ್ರಾ?’ ಎಂದು ಕೇಳಿದಳು.

ಬರೆದುಕೊಂಡೆ. ಕಾರಣಕ್ಕೆಂದು ಬಿಟ್ಟಿದ್ದ ಜಾಗ ಒಂದೇ ಗೆರೆ. ಹಾಳೆಯ ಹಿಂಬದಿಗೂ ಬರೆದೆ.

ಸಂಜೆ ಜಗಲಿಯ ಮೇಲೆ ಹಾಳೆಗಳನ್ನು ಜೋಡಿಸುತ್ತಿದ್ದಾಗ ಅಪ್ಪ ಎತ್ತಿಕೊಂಡು ಓದಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

‘ಇದು ನಿನ್ನ ಮೇನ್ ಸಬ್ಜೆಕ್ಟಾ?’

‘ಅಲ್ಲ, ಮೈನರ್.’

‘ಮತ್ತೆ ಇದಕ್ಯಾಕೆ ಇಷ್ಟೆಲ್ಲಾ? ಪೊಲೀಸ್ನೋರು ಅವತ್ತೇ ಬರ್ಕೊಂಡು ಹೋಗವ್ರೆ. ಬೇರೆ ಹಾಳೇಲಿ ಬರಿ.’

ಸುಳ್ಳು ಎಂದು ಅವರು ಹೇಳಲಿಲ್ಲ. ಅದು ಸುಳ್ಳಾ ಎಂದು ನಾನೂ ಕೇಳಲಿಲ್ಲ. ಬೇರೆ ಪ್ರತಿ ತುಂಬಿಸಿ, ಕಾರಣದ ಮುಂದೆ ‘ಅನಾರೋಗ್ಯ’ ಎಂದು ಬರೆದೆ. ಹಳೆಯದನ್ನು ಬಚ್ಚಲ ಒಲೆಗೆ ಹಾಕಿದ್ದೂ ನಾನೇ. ಉಳಿದ ಆರು ಮನೆಗಳನ್ನು ಕೇರಿಗೆ ಹೋಗದೆ ಕೂತಲ್ಲೇ ತುಂಬಿಸಿದೆ.

ಉಪನ್ಯಾಸಕರು ನನ್ನ ವರದಿಯನ್ನು ತರಗತಿಯಲ್ಲಿ ಎತ್ತಿ ತೋರಿಸಿದರು. ‘ಎಲ್ಲ ಬೀದಿಗೂ ಹೋದ್ರಾ?’ ಎಂದು ಕೇಳಿದರು. ‘ಹೋದೆ ಸಾರ್’ ಎಂದೆ. ಪೂರ್ತಿ ಅಂಕ ಬಂತು.

ಕೆಲವು ವಾರ ಕಳೆದು, ಕೊಟ್ಟಿಗೆಯ ಹತ್ತಿರ ಆ ಮುದುಕಿ ನನ್ನನ್ನು ನಿಲ್ಲಿಸಿದಳು. ಕೈ ತೊಳೆದುಕೊಂಡು ಬಂದಿದ್ದಳು. ‘ನನ್ ಮಗಂದು ಬರ್ದಿದ್ರಲ್ಲ, ಒಂದ್ಸಲ ಓದಿ ಅವ್ವ, ಕೇಳ್ತೀನಿ.’

ಆಕೆಗೆ ಓದು ಬರದು. ನನ್ನ ಕೈಯಲ್ಲಿದ್ದದ್ದು ಇತಿಹಾಸದ ನೋಟ್ಸು. ಅದನ್ನೇ ಬಿಚ್ಚಿ, ಆಕೆ ಅವತ್ತು ಹೇಳಿದ್ದನ್ನು ನೆನಪಿನಿಂದ ಓದಿದಂತೆ ಹೇಳಿದೆ. ಹೂಳು, ಉಸಿರು, ಮೋಟಾರಿನವರು. ಅಪ್ಪನ ಮಾತು ಬಂದಾಗ ನನ್ನ ದನಿ ತಾನಾಗಿ ತಗ್ಗಿತು. ‘ಅವ್ವಾ ಅಂತ ಕೂಗಿದ’ ಎಂದೆ.

‘ಎರಡು ಸಲ,’ ಎಂದಳು ಆಕೆ.

ಪೆನ್ನು ತೆಗೆದು ತಿದ್ದುವವಳಂತೆ ಮಾಡಿದೆ. ಆಕೆ ಅದನ್ನೇ ನೋಡುತ್ತ ನಿಂತಿದ್ದು, ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಎಲ್ಲೋ ಒಂದ್ಕಡೆ ಇರ್ಲಿ’ ಎಂದು ಕೆಲಸಕ್ಕೆ ಹೋದಳು.

ಮುಂದಿನ ರಾಗಿ ಕೊಯ್ಲಿಗೆ ಮೊದಲೇ ಆಕೆ ತೀರಿಕೊಂಡಳು. ಮಣ್ಣಿಗೆ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಪರೀಕ್ಷೆ ಇದೆಯೆಂದು ಹೇಳಿ ನಾನು ಅರಸೀಕೆರೆಯ ಬಸ್ಸು ಹತ್ತಿದೆ. ಪರೀಕ್ಷೆ ಇದ್ದದ್ದು ಮಾರನೆಯ ದಿನ.