ಬಣ್ಣ ಹಿಡಿದ ನೂಲು

ತೆಲಂಗಾಣ ಬಂತು, ನಮ್ಮ ನಾರಾಯಣಪೇಟೆ ಜಿಲ್ಲಾನೂ ಆತು. ಅದಾಗಿ ಕೆಲವು ವರ್ಷಕ್ಕ ನಮ್ಮ ಮನಿಯವರು ಮುಂಬೈ ಕೂಲಿಯಿಂದ ಕೆಮ್ಮಿಕೋತ ಬಂದ್ರು. ಟಿಬಿ ಅಂತ ಗೊತ್ತಾಗಿ, ಗುಳಿಗಿ ಶುರು ಮಾಡಿದ ವಾರದಾಗೇ ತೀರಿಕೊಂಡ್ರು. ಆಮ್ಯಾಲ ದವಾಖಾನಿಯವರು ನನ್ನನ್ನೂ ಮಗಳನ್ನೂ ನೋಡಿದ್ರು. ನನಗ ಏನೂ ಸಿಗಲಿಲ್ಲ. ಒಂಬತ್ತನೇ ಕ್ಲಾಸಿನ ಮಗಳ ಮೈಯಾಗ ರೋಗ ಸುಮ್ಮನೆ ಮಲಗೈತಿ, ಅದು ಏಳೋದಕ್ಕ ಮೊದಲ ಕೊಲ್ಲಬೇಕು ಅಂದ್ರು. ಸೋಮವಾರಕ್ಕೊಮ್ಮೆ ಗುಳಿಗಿ, ಹನ್ನೆರಡು ವಾರ.

ಮೂರು ವಾರ ನುಂಗಿದ್ಲು. ನುಂಗಿದ ದಿನ ವಾಂತಿ, ಮರುದಿನ ತಲಿನೋವು. ಮೂರನೇ ಸಲ ನನ್ನ ಕಣ್ಣಿಗೆ ಬಿತ್ತು, ಉಚ್ಚಿ ಕೆಂಪಗ.

"ಗುಳಿಗಿ ಬಣ್ಣ ಅವ್ವಾ, ಹಿಂಗ ಆಗತೈತಿ ಅಂತ ಅಕ್ಕ ಹೇಳ್ಯಾಳ" ಅಂದ್ಲು. ಅಕ್ಕ ಅಂದ್ರ ದವಾಖಾನಿ ಕಡಿಯಿಂದ ಮನಿಗೆ ಬಂದು ಗುಳಿಗಿ ಶೀಟು ಕೊಟ್ಟು ಹೋಗಾಕಿ. ನಾ ಕೇಳ್ತೀನೇನು? ಹುಟ್ಟಿದಾಗಿಂದ ಮಗ್ಗದ ಮನ್ಯಾಗ ಬೆಳೆದಾಕಿ ನಾ, ನನಗ ಬಣ್ಣದ ಮಾತು ಹೇಳಾಕ ಬರ್ತಾಳ! ಬಿಳಿ ನೂಲಿನ ಎಳಿ ಉಚ್ಚಿಯಾಗ ಅದ್ದಿ ನೆರಳಿಗೆ ಒಣಗಿಸಿದೆ, ಒಣಗಿದ ಮ್ಯಾಲ ಹಳದಿ ಆತು. ನೀರಾಗ ಜಾಲಿಸಿದ್ರೂ ಹಳದಿ ಪೂರಾ ಬಿಡಲಿಲ್ಲ. ನಮ್ಮವ್ವ ಮೈ ಹಳದಿ ಮಾಡೋ ಕಾಮಣಿ ರೋಗ ನೋಡ್ತಿದ್ದದ್ದೇ ಹಿಂಗ. ಬಣ್ಣ ಬಿಡಲಿಲ್ಲ ಅಂದ್ರ ಕಾಮಣಿ, ಮುಗೀತು.

ಮಾಗನೂರು ಕಡಿ ಎಲಿ ಔಷಧ ಕೊಡೋ ಮುದುಕನ ಹತ್ರ ಕರಕೊಂಡು ಹೋದೆ. ಉಪ್ಪಿಲ್ಲ, ಎಣ್ಣಿ ಇಲ್ಲ, ಇಂಗ್ಲಿಷ್ ಗುಳಿಗಿ ಅಂತೂ ಮುಟ್ಟಂಗಿಲ್ಲ ಅಂತ ಪಥ್ಯ ಹೇಳಿದ. ಬರೋವಾಗ ಬಸ್ಸಿನಾಗ ಮಗಳು, "ಗುಳಿಗಿ ಬಿಟ್ರ ಅಪ್ಪನಂಗ ಆಗ್ತೀನಿ" ಅಂದ್ಲು. ಕಪಾಳಕ್ಕೊಂದು ಕೊಟ್ಟೆ. ಕೆಟ್ಟ ಮಾತು ಆಡ್ತಾಳ ಅಂತ ಸಿಟ್ಟು.

ಗುಳಿಗಿ ಬಿಟ್ಟ ಮ್ಯಾಲ ಉಚ್ಚಿ ತಿಳಿಯಾತು. ಎಲಿಯ ಗುಣ ಅಂತ ಓಣಿಗೆಲ್ಲಾ ಹೇಳಿಕೋತ ತಿರುಗಿದೆ. ಅಕ್ಕ ಖಾಲಿ ಶೀಟು ನೋಡಾಕ ಬರ್ತಿದ್ಲು. ಅದಕ್ಕ ಪ್ರತಿ ಸೋಮವಾರ ಗುಳಿಗಿ ಬಿಡಿಸಿ ಒಲಿಗೆ ಹಾಕಿ, ಬರೇ ಶೀಟು ತೋರಿಸ್ತಿದ್ದೆ. ಕಾಮಣಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತಾರ. ಮಗಳಿಗೆ ಕಾಮಣಿ ಇರಲಿಲ್ಲ, ಇದ್ದದ್ದು ನನ್ನ ಕಣ್ಣಿಗೆ.

ಮರುವರ್ಷ ಮಗಳು ಕೆಮ್ಮಾಕ ಹತ್ತಿದ್ಲು. ರಕ್ತ ಕಂಡ ದಿನ ದವಾಖಾನಿಗೆ ಓಡಿದ್ವಿ. ಡಾಕ್ಟರು ಹಳೇ ಕಾಗದ ನೋಡಿ, "ಹನ್ನೆರಡು ವಾರಾನೂ ನುಂಗಿದೇನಮ್ಮಾ?" ಅಂತ ಕೇಳಿದ್ರು.

ಮಗಳು ನನ್ನ ಕಡಿ ನೋಡಲೇ ಇಲ್ಲ. "ಹೌದ್ರಿ, ಒಂದೂ ಬಿಟ್ಟಿಲ್ಲ" ಅಂದ್ಲು.

ಡಾಕ್ಟರ ಮುಖ ಸಪ್ಪಗಾತು. ಎಲ್ಲಾ ನುಂಗಿದ ಮ್ಯಾಲೂ ಬಂದೈತಿ ಅಂದ್ರ ಇದು ಗುಳಿಗಿಗೆ ಬಗ್ಗದ ರೋಗ ಇರಬಹುದು, ಅದರ ಔಷಧ ಇನ್ನೂ ಕಷ್ಟದ್ದು ಅಂದ್ರು. ಅಯ್ಯೋ ಶಿವನೇ, ನನ್ನ ಮಾನ ಉಳಿಸಾಕ ಹೋಗಿ ಕೂಸು ತನ್ನ ಜೀವಕ್ಕ ಎರವಾಗಾಕ ಹತ್ತಿತ್ತು.  ಡಾಕ್ಟರ ಮುಂದ ಹೇಳಿಬಿಟ್ಟೆ.

"ಆಕಿ ಮೂರೇ ವಾರ ನುಂಗ್ಯಾಳ್ರಿ. ಉಳಿದದ್ದು ನಾನೇ ಒಲಿಗೆ ಹಾಕೀನಿ."

ಡಾಕ್ಟರು ಬೈಲಿಲ್ಲ. ಹಂಗಾದ್ರ ಮಾಮೂಲಿ ಗುಳಿಗಿಗೇ ಬಗ್ಗಬಹುದು ಅಂದು ಕಫದ ಪರೀಕ್ಷಾಕ್ಕ ಬರಕೊಟ್ಟು, ಆರು ತಿಂಗಳ ಗುಳಿಗಿ ಯಾರ ಕೈಯಾಗ ಕೊಡಲಿ ಅಂತ ಕೇಳಿದ್ರು. ನಾನು ಸೆರಗು ಒಡ್ಡಿದೆ.

"ನನ್ನ ಕೈಯಾಗ ಕೊಡ್ರಿ" ಅಂದ್ಲು ಮಗಳು. "ಅವ್ವನ ಕೈಯಾಗ ಬ್ಯಾಡ."